ಹಿಡಿದು ಬಿಡದ ಬ್ರೇಕು

ವಾಹನವೆಂದರೆ ಓಡುವ ವಸ್ತುವೆಂದು ಎಲ್ಲರೂ ಬಲ್ಲರು. ಅದು ನಿಲ್ಲಲೂ ಬೇಕೆಂಬುದನ್ನು ಅರ್ಧ ಮಂದಿ ನೆನೆಯುತ್ತಾರೆ. ನಿಲ್ಲಿಸಿದ ಮೇಲೆ ಆ ನಿಲ್ಲಿಸುವ ಸಾಧನವು ತನ್ನ ಹಿಡಿತವನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕೆಂಬುದನ್ನು ನೆನೆಯುವವರು ಮಾತ್ರ ವಿರಳ. ಬ್ರೇಕು ಹಿಡಿಯದಿದ್ದರೆ ಅಪಾಯವೆಂದು ಮಕ್ಕಳೂ ಹೇಳಿಯಾರು. ಹಿಡಿದ ಬ್ರೇಕು ಬಿಡದಿದ್ದರೆ ಅದೂ ಅಪಾಯವೇ ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಮ್ಮ ಬಯಕೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟು ವಿಶ್ರಾಂತರಾದ ನಮಗೆ ಸ್ಪಾನರಿನ ಗೊಡವೆ ಏಕೆಂದು ಕೆಲವರು ನಗಬಹುದು. ಗೊಡವೆ ಏಕೆ ಬಂದಿತೆಂಬುದನ್ನೇ ಮೊದಲು ಹೇಳುತ್ತೇವೆ.

ನಮ್ಮ ತಮ್ಮನು ಕಾಲವಾಗಿ ಮೂರು ವರ್ಷಗಳಾದುವು. ಅವನು ಬಿಟ್ಟುಹೋದ ವಸ್ತುಗಳಲ್ಲಿ ೧೯೮೬ನೆಯ ಇಸವಿಯ ಬುಲೆಟ್ ಮೋಟಾರು ಸೈಕಲ್ಲೂ ಒಂದು. ಬುಲೆಟ್ಟು ಮೂಲತಃ ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ರಾಯಲ್ ಎನ್‌ಫೀಲ್ಡ್ ಕಂಪೆನಿಯದು. ೧೯೫೫ರಲ್ಲಿ ಮದರಾಸಿನಲ್ಲಿ ಅದಕ್ಕೊಂದು ಕಂಪೆನಿ ಏರ್ಪಟ್ಟಿತು. ಹುಟ್ಟಿದ ಊರಿನವರು ಅದನ್ನು ಕೈಬಿಟ್ಟ ಮೇಲೂ ನಮ್ಮ ದೇಶದವರು ಬಿಡಲಿಲ್ಲ. ನಮ್ಮ ಮಲೆನಾಡಿನ ತೋಟದ ದಾರಿಗಳಲ್ಲಿ ಅದರ ಗುಡುಗುಡು ಸದ್ದನ್ನು ಕೇಳಿ, ಬರುವವರು ಯಾರೆಂದು ಅಡಿಗೆಮನೆಯಲ್ಲಿದ್ದವರೂ ಗುರುತಿಸುತ್ತಿದ್ದ ಕಾಲವೊಂದಿತ್ತು. ತಮ್ಮನು ಹೋದ ಮೇಲೆ ಆ ಗಾಡಿ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ, ಮೇಲೊಂದು ಟಾರ್ಪಾಲು ಹೊದ್ದು, ಮೂರು ಮಳೆಗಾಲಗಳನ್ನು ಕಳೆಯಿತು. ಅವನ ಹೆಂಡತಿ ಆ ಕಡೆಗೆ ಹೋಗುತ್ತಿರಲಿಲ್ಲ. ಗುಜರಿಯವನು ಎರಡು ಸಲ ಬಂದು ಬೆಲೆ ಕೇಳಿ ಹೋಗಿದ್ದನು.

ಇಷ್ಟರಲ್ಲಿ ತಮ್ಮನ ಮಗಳಿಗೆ ೧೮ ಕಿಲೋಮೀಟರು ದೂರದ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ ದೊರೆಯಿತು. ಆ ಹಳ್ಳಿಗೆ ಹೋಗುವ ಬೆಳಗಿನ ಬಸ್ಸು ಶಾಲೆಯ ಗಂಟೆ ಹೊಡೆದು ಅರ್ಧ ಘಂಟೆಯಾದ ಮೇಲೆ ತಲಪುತ್ತದೆ. ಹುಡುಗಿ ಒಂದು ರಾತ್ರಿ ಊಟವಾದ ಮೇಲೆ, “ದೊಡ್ಡಪ್ಪ, ಅಪ್ಪನ ಗಾಡಿಯನ್ನು ನಾನೇ ತೆಗೆದುಕೊಂಡು ಹೋಗುತ್ತೇನೆ” ಎಂದಳು. ಅವಳ ತಾಯಿ ಎಲೆಯ ಮುಂದಿನಿಂದ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಮರೆಯಿಂದಲೇ, “ಭಾವನವರೇ, ಅದನ್ನು ಮಾರಿಬಿಡಿ. ಅಷ್ಟು ಭಾರದ ಗಾಡಿ, ಆ ಇಳಿಜಾರು, ಆ ಸೇತುವೆಯ ತಿರುವು, ನನಗೆ ರಾತ್ರಿ ನಿದ್ದೆ ಬರಲಿಕ್ಕಿಲ್ಲ” ಎಂದರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಗಾಡಿಯನ್ನು ಪರೀಕ್ಷಿಸಿ, ಅದು ನಂಬಿಕೆಗೆ ಅರ್ಹವಾದರೆ ಕೊಡುವುದು, ಇಲ್ಲವಾದರೆ ಗುಜರಿಯವನಿಗೇ ಹೇಳಿಕಳುಹಿಸುವುದು ಎಂದು ನಾವು ತೀರ್ಮಾನ ಹೇಳಿದೆವು.

ಪೇಟೆಯ ಒಂದು ಕಾರ್ಖಾನೆಯವರು ಎಂಜಿನ್ನನ್ನು ಬಿಚ್ಚಿ ತೊಳೆದು, ಹೊಸ ಎಣ್ಣೆ ಹಾಕಿ, ಟಯರು ಬ್ಯಾಟರಿಗಳನ್ನು ಬದಲಿಸಿ ಕೊಟ್ಟರು. ಗಾಡಿ ಓಡಿತು. ಆದರೆ ತಳ್ಳಿದರೆ ಸುಲಭವಾಗಿ ಮುಂದಕ್ಕೆ ಸರಿಯದು. ನಾಲ್ಕು ಕಿಲೋಮೀಟರು ಹೋಗಿ ಬಂದು ನಿಲ್ಲಿಸಿದಾಗ ಮುಂಚಕ್ರದ ನಡುವಿನ ಡ್ರಮ್ಮಿನ ಮೇಲೆ ಬಿದ್ದ ನೀರಿನ ಹನಿ ಚುರ್ರೆಂದು ಆರಿಹೋಯಿತು. ಬ್ರೇಕನ್ನು ಒತ್ತದೆಯೇ ಅದು ದಾರಿಯುದ್ದಕ್ಕೂ ಹಿಡಿದುಕೊಂಡೇ ಬಂದಿತ್ತು! ಇದನ್ನು ಹೇಳಿದಾಗ ಆ ಕಾರ್ಖಾನೆಯವರು ಕೇಬಲ್ಲಿನ ನಟ್ಟನ್ನು ಆರೇಳು ಸುತ್ತು ಸಡಿಲಿಸಿ, “ಈಗ ಸರಿಯಾಯಿತು” ಎಂದರು. ಚಕ್ರದ ಬಿಗಿತ ಸ್ವಲ್ಪ ಕಡಿಮೆಯಾದುದೇನೋ ನಿಜ. ಆದರೆ ಕೈಹಿಡಿಕೆಯನ್ನು ಪೂರ್ತಿ ಎಳೆದರೂ ಬ್ರೇಕು ಹಿಡಿಯದಾಯಿತು. ಹೊಟ್ಟೆನೋವೆಂದವನಿಗೆ ಊಟವನ್ನೇ ಬಿಡಿಸಿ ಗುಣವಾಯಿತೆಂದಂತೆ ಆಯಿತು ಆ ಚಿಕಿತ್ಸೆ.

ಮುಂಬ್ರೇಕಿನ ವಿಷಯದಲ್ಲಿ ನಮಗೆ ಇಷ್ಟು ಹಟವೇಕೆಂದರೆ, ಅದಕ್ಕೆ ಎರಡು ಕಾರಣಗಳಿವೆ. ಓಡುವ ಗಾಡಿಯನ್ನು ತಡೆದಾಗ ಭಾರವೆಲ್ಲವೂ ಮುಂದಕ್ಕೆ ಸರಿಯುತ್ತದೆ. ಹಿಂಚಕ್ರ ಹಗುರಾಗುತ್ತದೆ, ಮುಂಚಕ್ರ ನೆಲವನ್ನು ಒತ್ತಿ ಹಿಡಿಯುತ್ತದೆ. ಆದಕಾರಣ ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂಬ್ರೇಕಿನದೇ. ಎರಡನೆಯ ಕಾರಣವು ಆ ಕಾಲದ ಬುಲೆಟ್ಟಿಗೆ ವಿಶೇಷವಾದದ್ದು. ಅದರಲ್ಲಿ ಗೇರು ಬಲಗಾಲಿಗೆ, ಹಿಂಬ್ರೇಕು ಎಡಗಾಲಿಗೆ. ಈಗಿನ ಗಾಡಿಗಳಲ್ಲಿ ಇದು ತಿರುಗುಮುರುಗು. ನಮ್ಮ ಹುಡುಗಿ ಕಲಿತದ್ದು ಈಗಿನ ಗಾಡಿಯಲ್ಲಿ. ಎದುರಿಗೆ ಫಕ್ಕನೆ ದನವೊಂದು ಬಂದರೆ ಅಭ್ಯಾಸಬಲದಿಂದ ಅವಳ ಬಲಗಾಲು ಕೆಳಕ್ಕೆ ಒತ್ತುವುದು ಬ್ರೇಕನ್ನಲ್ಲ, ಗೇರನ್ನು! ಹಳೆಯದರಲ್ಲಿಯೂ ಹೊಸದರಲ್ಲಿಯೂ ಒಂದೇ ಸ್ಥಳದಲ್ಲಿರುವುದು ಬಲಗೈಯ ಮುಂಬ್ರೇಕು ಮಾತ್ರ. ಕಾಲು ತಪ್ಪಿದ ಕ್ಷಣದಲ್ಲಿ ಅವಳನ್ನು ಕಾಯಬೇಕಾದದ್ದು ಅದೊಂದೇ. ಅದು ಸಡಿಲವಾಗಿಯೂ ಇರಕೂಡದು, ಕಾದು ಬಿಗಿದುಕೊಂಡು ತಿರುವಿನಲ್ಲಿ ಚಕ್ರವನ್ನು ಹಠಾತ್ತಾಗಿ ಕಟ್ಟಿಯೂ ಹಾಕಕೂಡದು.

ಸಂಸ್ಕೃತದಲ್ಲಿ ತಡೆಯುವುದೆಂಬ ಅರ್ಥದ ಧಾತು ‘ರುಧ್’. ಅದರ ಗಣಕ್ಕೊಂದು ವೈಶಿಷ್ಟ್ಯವುಂಟು. ಬೇರೆ ಗಣಗಳಲ್ಲಿ ವಿಕರಣಪ್ರತ್ಯಯವು ಧಾತುವಿನ ಹಿಂದೆ ಸೇರಿದರೆ, ಇಲ್ಲಿ ಅದು ಧಾತುವಿನ ಹೊಟ್ಟೆಯೊಳಗೇ ಹೊಕ್ಕು ಕೂರುತ್ತದೆ. ಆದುದರಿಂದಲೇ ‘ರುಣದ್ಧಿ’ ಎಂಬ ರೂಪವನ್ನು ಕಂಡ ಹುಡುಗರು ನಡುವಣ ಣಕಾರ ಎಲ್ಲಿಂದ ಬಂದಿತೆಂದು ಕಣ್ಣು ಬಿಡುವುದು. ಬ್ರೇಕಿನ ದೋಷವೂ ಇಂಥದೇ. ಹೊರಗೆ ಕಾಣುವ ಕೇಬಲ್ಲಿನ ತುದಿಯನ್ನು ತಿರುಗಿಸಿದವರಿಗೆ ಅದು ಸಿಕ್ಕುವುದಿಲ್ಲ, ಒಳಗೆ ಹೊಕ್ಕು ನೋಡಬೇಕು. ಆದರೆ ಒಳಹೊಗುವ ಮುನ್ನ ದೋಷವೆಲ್ಲಿದೆ ಎಂಬುದನ್ನು ಅನ್ವಯ ವ್ಯತಿರೇಕಗಳಿಂದ ಗೊತ್ತುಮಾಡಿಕೊಳ್ಳಬೇಕು. ಯಾವುದು ಇದ್ದರೆ ದೋಷವಿರುವುದೋ, ಯಾವುದನ್ನು ತೆಗೆದರೆ ದೋಷ ತೊಲಗುವುದೋ ಅದೇ ಕಾರಣವೆಂಬುದು ತರ್ಕದ ಸಾಮಾನ್ಯ ಮಾರ್ಗ.

ಒಂದು ಭಾನುವಾರ ಅಂಗಳದಲ್ಲಿ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂಚಕ್ರವನ್ನು ನೆಲದಿಂದ ಎತ್ತಿದೆವು. ನಮ್ಮ ಹಳೆಯ ವಿದ್ಯಾರ್ಥಿಯಾಗಿದ್ದ ಮೇಸ್ತ್ರಿಯೊಬ್ಬರು ಜಗಲಿಯ ಮೇಲೆ ಕಾಫಿ ಹಿಡಿದು ಕುಳಿತರು. “ಮೇಷ್ಟ್ರೇ, ನಾನು ಕೈ ಹಚ್ಚುವುದಿಲ್ಲ. ಓಡಿಸುವವರೇ ಬಿಚ್ಚಲಿ, ತಪ್ಪಿದರೆ ಹೇಳುತ್ತೇನೆ” ಎಂದು ಅವರ ನಿಯಮ. ಬಿಚ್ಚಿದವಳು ಹುಡುಗಿ. ನಾವು ನಟ್ಟುಗಳನ್ನು ತೆಗೆದ ಕ್ರಮದಲ್ಲಿಯೇ ತಟ್ಟೆಯಲ್ಲಿ ಸಾಲಾಗಿ ಇಡುವ ಕೆಲಸಕ್ಕೆ ನಿಂತೆವು.

ಮೊದಲನೆಯ ಪರೀಕ್ಷೆ: ಚಕ್ರವನ್ನು ಕೈಯಿಂದ ತಿರುಗಿಸಿದೆವು. ಅರ್ಧ ಸುತ್ತಿಗೇ ನಿಂತಿತು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಮತ್ತೆ ನೋಡಿದೆವು. ಬಿಗಿತದಲ್ಲಿ ಭೇದವಿಲ್ಲ. ಭೇದವಿದ್ದಿದ್ದರೆ ಕೇಬಲ್ಲು ಗಿಡ್ಡವಾಗಿದೆಯೆಂದೋ ಎಲ್ಲಿಯೋ ಸಿಕ್ಕಿ ಎಳೆಯುತ್ತಿದೆಯೆಂದೋ ತಿಳಿಯಬೇಕಾಗಿತ್ತು. ಎರಡನೆಯ ಪರೀಕ್ಷೆ: ಚಕ್ರದ ಬಳಿಯ ಬ್ರೇಕು ತೋಳಿನಿಂದ ಕೇಬಲ್ಲನ್ನು ಕಳಚಿದೆವು. ಆಗ ಚಕ್ರ ಸ್ವತಂತ್ರವಾಗಿ ತಿರುಗಿದರೆ ದೋಷ ಕೇಬಲ್ಲಿನದು, ತಿರುಗದಿದ್ದರೆ ಡ್ರಮ್ಮಿನೊಳಗಿನದು. ಚಕ್ರ ಹಿಂದಿನಂತೆಯೇ ಮುಲುಗಿತು. ಮೂರನೆಯದು: ಆ ತೋಳನ್ನು ಬೆರಳಿನಿಂದ ಒತ್ತಿ ಬಿಟ್ಟೆವು. ಟಕ್ಕನೆ ಹಿಂದಕ್ಕೆ ಬರಬೇಕಾದದ್ದು, ಮುದುಕರು ಮೆಟ್ಟಿಲಿಳಿಯುವಂತೆ ಮೆಲ್ಲಮೆಲ್ಲನೆ ಬಂದು ನಡುವೆಯೇ ನಿಂತಿತು. ಜಗಲಿಯ ಮೇಲಿಂದ, “ಸಿಕ್ಕಿತು ನೋಡಿ, ಕ್ಯಾಮು ಹಿಡಿದುಕೊಂಡಿದೆ” ಎಂಬ ಮಾತು ಬಂದಿತು.

ಕ್ಯಾಮೆಂದರೇನೆಂಬುದನ್ನು ಗೃಹಿಣಿಯರಿಗೂ ತಿಳಿಯುವಂತೆ ಹೇಳುತ್ತೇವೆ. ಚಕ್ರದ ನಡುವೆ ಡಬರಿಯಂಥ ಕಬ್ಬಿಣದ ಡ್ರಮ್ಮು ಚಕ್ರದೊಡನೆಯೇ ತಿರುಗುತ್ತದೆ. ಅದರ ಬಾಯಿಗೆ ಮುಚ್ಚಳದಂತಿರುವ ಫಲಕ ತಿರುಗುವುದಿಲ್ಲ. ಆ ಫಲಕದ ಮೇಲೆ ಅರ್ಧಚಂದ್ರಾಕಾರದ ಎರಡು ಶೂಗಳು ಎದುರುಬದುರಾಗಿ ಕುಳಿತಿರುತ್ತವೆ. ಕಾಲಿಗಲ್ಲದೆ ಚಕ್ರಕ್ಕೂ ಪಾದರಕ್ಷೆಯುಂಟೆಂಬುದು ನಮಗೆ ಮೊದಲು ವಿನೋದವಾಗಿ ಕಂಡಿತು. ಶೂಗಳ ಒಂದು ತುದಿ ಗೂಟಕ್ಕೆ ಒರಗಿರುತ್ತದೆ, ಇನ್ನೊಂದು ತುದಿಗಳ ನಡುವೆ ಚಪ್ಪಟೆಯಾದ ಕ್ಯಾಮು. ಕೈಹಿಡಿಕೆಯನ್ನು ಎಳೆದಾಗ ಕ್ಯಾಮು ಹೊರಳಿ ಶೂಗಳನ್ನು ಅಗಲಿಸುತ್ತದೆ. ಅವುಗಳ ಮೇಲಿನ ಲೈನಿಂಗು ಡ್ರಮ್ಮನ್ನು ಉಜ್ಜಿ ತಡೆಯುತ್ತದೆ. ಬಿಟ್ಟಾಗ ಎರಡು ಸ್ಪ್ರಿಂಗುಗಳು ಶೂಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಇಷ್ಟೇ ಅದರ ರಹಸ್ಯ. ಒಳಗಿನಿಂದ ಅಗಲುವ ಇಂಥ ಬ್ರೇಕನ್ನು ೧೯೦೨ರಲ್ಲಿ ಬಳಕೆಗೆ ತಂದ ಕೀರ್ತಿಯನ್ನು ಫ್ರಾನ್ಸಿನ ಲೂಯಿ ರೆನೋ ಅವರಿಗೆ ಸಲ್ಲಿಸುವುದು ರೂಢಿ. ಕೊಳವೆಯೊಳಗೆ ತಂತಿ ಓಡಿ ದೂರದ ಎಳೆತವನ್ನು ಮುಟ್ಟಿಸುವ ಕೇಬಲ್ಲಿಗೆ ೧೮೯೬ರಲ್ಲಿ ಹಕ್ಕುಪತ್ರ ಪಡೆದವರು ಬೌಡನ್ ಎಂಬವರು.

ಎರಡು ಶೂಗಳಲ್ಲಿ ಒಂದಕ್ಕೊಂದು ವಿಚಿತ್ರ ಗುಣವುಂಟು. ಡ್ರಮ್ಮಿನ ತಿರುಗಾಟವೇ ಅದನ್ನು ಇನ್ನಷ್ಟು ಹೊರಕ್ಕೆ ಎಳೆದು ತನಗೆ ಒತ್ತಿಕೊಳ್ಳುತ್ತದೆ. ಬೆರಳಿನ ಅಲ್ಪ ಬಲದಿಂದ ೧೫೦ ಕಿಲೋಗ್ರಾಮಿಗೂ ಮೀರಿದ ಗಾಡಿ ನಿಲ್ಲುವುದಕ್ಕೆ ಈ ಗುಣವೂ ಒಂದು ಸಹಾಯ. ಆದರೆ ಕ್ಯಾಮು ಹಿಂದಕ್ಕೆ ಬಾರದೆ ಶೂ ಸ್ವಲ್ಪ ತಗುಲಿಕೊಂಡೇ ಇದ್ದರೆ, ಅದೇ ಗುಣ ದೋಷವಾಗುತ್ತದೆ. ಉಜ್ಜಿದಂತೆಲ್ಲ ಕಾವು. ಕಾವು ಏರಿದಂತೆ ಗ್ರೀಸು ಕೆಡುವುದು, ಲೈನಿಂಗು ನಯವಾಗಿ ಹಿಡಿತ ಕಳೆದುಕೊಳ್ಳುವುದು. ಕಡೆಗೆ ಬೇಕಾದಾಗ ಹಿಡಿಯದೆ ಬೇಡವಾದಾಗ ಹಿಡಿಯುವ ಸ್ಥಿತಿ ಬರುವುದು.

ಚಕ್ರವನ್ನು ಕಳಚಿ ಫಲಕವನ್ನು ಹೊರತೆಗೆದಾಗ ಒಳಗೆ ಕಪ್ಪು ಪುಡಿ ತುಂಬಿತ್ತು. ಹುಡುಗಿ ಊದಲು ಬಾಯಿ ಮುಂದೆ ತಂದಳು. ಮೇಸ್ತ್ರಿಗಳು ಲೋಟವನ್ನು ಕೆಳಗಿಟ್ಟು ಎದ್ದೇಬಿಟ್ಟರು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಸೇರಿರುತ್ತಿತ್ತು. ಅದರ ಪುಡಿ ಉಸಿರಿನೊಡನೆ ಒಳಹೋದರೆ ಎಷ್ಟೋ ವರ್ಷಗಳ ಮೇಲೆ ಶ್ವಾಸಕೋಶದ ಘೋರವ್ಯಾಧಿಗೆ ಕಾರಣವಾಗಬಲ್ಲದು. ಊದಕೂಡದು, ಗಾಳಿಯ ಪಂಪು ಹಿಡಿಯಕೂಡದು, ಒಣ ಬ್ರಷ್ಷಿನಿಂದ ಗುಡಿಸಲೂ ಕೂಡದು. ಮೂಗಿಗೆ ಮುಸುಕು ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿದೆವು. ಮನೆಯಲ್ಲಿ ಹುಡುಗರು ಗಾಡಿ ಬಿಚ್ಚುವ ಅಭ್ಯಾಸವಿರುವವರು ಈ ಒಂದು ಮಾತನ್ನಾದರೂ ನೆನಪಿಡಬೇಕೆಂದು ನಮ್ಮ ಪ್ರಾರ್ಥನೆ.

ಫಲಕವಿಲ್ಲದ ಚಕ್ರವನ್ನು ಅಚ್ಚಿನ ಮೇಲೆ ತಿರುಗಿಸಿದಾಗ ಸದ್ದಿಲ್ಲದೆ ಸರಾಗವಾಗಿ ತಿರುಗಿತು. ಆದುದರಿಂದ ಬೇರಿಂಗು ನಿರ್ದೋಷಿಯೆಂದು ತಿಳಿಯಿತು. ಶೂಗಳನ್ನು ಒಂದೊಂದಾಗಿ ಕೀಳಲು ಹೋದರೆ ಸ್ಪ್ರಿಂಗು ಹಾರಿ ಕಣ್ಣಿಗೆ ಬಡಿದೀತು. ಎರಡನ್ನೂ ಒಟ್ಟಿಗೆ ಹಿಡಿದು, ತೆರೆದ ಪುಸ್ತಕವನ್ನು ಮಡಿಸುವಂತೆ ನಡುವಿನಿಂದ ಎತ್ತಿ ಮಡಿಸಿದರೆ ತಾವಾಗಿ ಸಡಿಲುತ್ತವೆ. ಇನ್ನು ಕ್ಯಾಮಿನ ತೋಳನ್ನು ಕಳಚಬೇಕು. ಕಳಚುವ ಮುನ್ನ ತೋಳು ಯಾವ ಕೋನದಲ್ಲಿ ಕುಳಿತಿದೆಯೆಂಬುದಕ್ಕೆ ಗುರುತು ಮಾಡಿಕೊಳ್ಳುವುದು ಕ್ರಮ. ನಾವು ಗುರುತು ಮಾಡಲೆಂದು ಮೊಳೆಯನ್ನು ತಂದು ಅಲ್ಲಿನ ಕೊಳೆಯನ್ನು ಒರೆಸಿದೆವು. ಗುರುತು ಆಗಲೇ ಇತ್ತು. ಕ್ಯಾಮಿನ ತುದಿಯ ಮೇಲೊಂದು ಚುಕ್ಕೆ, ಅದಕ್ಕೆ ಎದುರಾಗಿ ತೋಳಿನ ಮೇಲೊಂದು ಚುಕ್ಕೆ, ಅದರ ಪಕ್ಕದಲ್ಲಿ ಬಹು ಸಣ್ಣದಾಗಿ ಕೊರೆದ ನಮ್ಮ ತಮ್ಮನ ಹೆಸರಿನ ಮೊದಲಕ್ಷರ. ಅವನು ಎಂದೋ ತಾನೇ ಇದನ್ನು ಬಿಚ್ಚಿದ್ದನು. ಮುಂದೆ ಬಿಚ್ಚುವವರಿಗೆ ತೊಡಕಾಗದಿರಲೆಂದು ಗುರುತಿಟ್ಟು ಮುಚ್ಚಿದ್ದನು. ಹುಡುಗಿ ಆ ಅಕ್ಷರವನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದಳು. ಯಾರೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಸೀಮೆಎಣ್ಣೆ ಕೊಡಿ ದೊಡ್ಡಪ್ಪ” ಎಂದಳು.

ಕ್ಯಾಮಿನ ಕಡ್ಡಿ ಫಲಕದ ತೂತಿನಲ್ಲಿ ಕಚ್ಚಿಕೊಂಡಿತ್ತು. ಹಳೆಯ ಗ್ರೀಸು ಒಣಗಿ ಅರಗಿನಂತಾಗಿ, ಮೇಲೆ ತುಕ್ಕು ಕಟ್ಟಿತ್ತು. ಇದರಲ್ಲಿ ಮಾಡಿದವರ ಲೋಪವೇನೂ ಇಲ್ಲ, ಕಾಲಪುರುಷನ ಕೆಲಸ. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಯಿಸಿ, ಮರದ ತುಂಡನ್ನು ಅಡ್ಡ ಕೊಟ್ಟು ಮೆಲ್ಲನೆ ತಟ್ಟಿದಾಗ ಹೊರಬಂದಿತು. ಕಡ್ಡಿಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಬೆಳಗಿ, ತೂತನ್ನು ಶುಚಿಮಾಡಿ, ಕಾವನ್ನು ತಡೆಯುವ ಜಾತಿಯ ಗ್ರೀಸನ್ನು ಕಾಡಿಗೆ ತೀಡುವಷ್ಟೇ ತೆಳ್ಳಗೆ ಸವರಿದೆವು. ಇಲ್ಲಿ ಔದಾರ್ಯ ತೋರಿಸಕೂಡದು. ಹೆಚ್ಚಾದ ಗ್ರೀಸು ಕರಗಿ ಲೈನಿಂಗಿಗೆ ತಗುಲಿದರೆ ಆ ಬ್ರೇಕು ಮತ್ತೆ ಹಿಡಿಯುವುದಿಲ್ಲ. ಶೂಗಳು ಒರಗುವ ಗೂಟಕ್ಕೂ ಇದೇ ಉಪಚಾರವಾಯಿತು. ಸ್ಪ್ರಿಂಗುಗಳಲ್ಲಿ ಒಂದು ಇನ್ನೊಂದಕ್ಕಿಂತ ಉದ್ದವಾಗಿತ್ತು. ಎಳೆದು ಎಳೆದು ಅದರ ಕಸುವು ಉಡುಗಿತ್ತು. ಎರಡನ್ನೂ ಹೊಸದು ಮಾಡಿದೆವು. ಲೈನಿಂಗು ದಪ್ಪವಾಗಿಯೇ ಉಳಿದಿದ್ದರೂ ಕಾದು ಕಾದು ಗಾಜಿನಂತೆ ಹೊಳೆಯುತ್ತಿತ್ತು. ಅದು ಹಳೆಯದೆಂಬ ಕಾರಣದಿಂದ ಮೇಸ್ತ್ರಿಗಳ ಮಾತಿನಂತೆ ಅದನ್ನು ಉಜ್ಜುವ ಗೋಜಿಗೆ ಹೋಗದೆ, ಕಲ್ನಾರಿಲ್ಲದ ಹೊಸ ಶೂಗಳ ಜೋಡಿಯನ್ನೇ ತರಿಸಿದೆವು.

ಕೇಬಲ್ಲನ್ನೂ ನಾವು ಬಿಡಲಿಲ್ಲ. ಮುಖ್ಯ ದೋಷ ಸಿಕ್ಕಿತೆಂದು ಉಳಿದವುಗಳನ್ನು ನಿರ್ದೋಷಿಗಳೆನ್ನುವುದು ತರ್ಕವಲ್ಲ. ಹಿಡಿಕೆಯ ಬಳಿಯ ತುದಿಯಲ್ಲಿ ಎರಡು ಎಳೆಗಳು ಹರಿದಿದ್ದವು. ಹೊಸದನ್ನು, ಎಲ್ಲಿಯೂ ಚೂಪಾಗಿ ಬಾಗದಂತೆ ಹಾಯಿಸಿದೆವು.

ಕೂಡಿಸುವಾಗ ಒಂದು ಸೂಕ್ಷ್ಮವುಂಟು. ಅಚ್ಚಿನ ಮೇಲಿನ ಫಲಕದ ನಟ್ಟನ್ನು ಒಡನೆಯೇ ಬಿಗಿಯಬಾರದು. ಸ್ವಲ್ಪ ಸಡಿಲವಾಗಿಯೇ ಇಟ್ಟು, ಚಕ್ರವನ್ನು ತಿರುಗಿಸಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಹಿಡಿದಿರುವಾಗಲೇ ಬಿಗಿಯಬೇಕು. ಆಗ ಶೂಗಳು ಡ್ರಮ್ಮಿನ ನಟ್ಟನಡುವೆ ಕುಳಿತುಕೊಳ್ಳುತ್ತವೆ. ಇಲ್ಲವಾದರೆ ಒಂದು ಶೂ ಸದಾ ತಗುಲುತ್ತ, ಮತ್ತೊಂದು ಸದಾ ದೂರವಿರುತ್ತ, ಮಾಡಿದ ಕೆಲಸವೆಲ್ಲ ವ್ಯರ್ಥ. ಅನಂತರ ಹಿಡಿಕೆಯ ತುದಿಯಲ್ಲಿ ಕಾಲಿನಿಂದ ಅರ್ಧ ಅಂಗುಲದಷ್ಟು ಬಿಡುವು ಉಳಿಯುವಂತೆ ಕೇಬಲ್ಲಿನ ನಟ್ಟನ್ನು ತಿರುಗಿಸಿದೆವು. ಬ್ರೇಕು ಪೂರ್ತಿ ಹಿಡಿದಾಗ ತೋಳು ಮತ್ತು ಕೇಬಲ್ಲು ಸರಿಸುಮಾರು ಲಂಬಕೋನದಲ್ಲಿರಬೇಕು. ಅದನ್ನು ದಾಟಿ ಹೋದರೆ ಎಳೆತದ ಬಲ ಕುಂದುತ್ತದೆ. ತಮ್ಮನ ಎರಡು ಚುಕ್ಕೆಗಳನ್ನು ಎದುರುಬದುರಾಗಿ ಕೂಡಿಸಿದ್ದರಿಂದ ಕೋನ ತಾನಾಗಿ ಸರಿಬಂದಿತು.

ಚಕ್ರವನ್ನು ತಿರುಗಿಸಿದಳು. ಸುತ್ತಿತು, ಮತ್ತೂ ಸುತ್ತಿತು. ಹಿಡಿಕೆಯನ್ನು ಮುಟ್ಟಿದೊಡನೆ ನಿಂತಿತು. ಬಿಟ್ಟೊಡನೆ ಬಿಟ್ಟಿತು.

ಮರುದಿನ ಬೆಳಿಗ್ಗೆ ಹುಡುಗಿ ಶಾಲೆಯ ದಾರಿಯಲ್ಲಿ ಸೇತುವೆಯವರೆಗೆ ಹೋಗಿ ಬಂದಳು. ಹೊಸ ಶೂಗಳು ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ವೇಗ ಬೇಡವೆಂದು ಕಟ್ಟುಮಾಡಿದ್ದೆವು. ಗಾಡಿ ಅಂಗಳಕ್ಕೆ ಬಂದು ನಿಂತಾಗ ತಮ್ಮನ ಹೆಂಡತಿ ಮೆಟ್ಟಿಲ ಮೇಲಿದ್ದರು. “ಅತಿಯಾಗಿ ಕಾದಿದ್ದರೆ ಬ್ರೇಕು ಹಿಡಿದಿದೆಯೆಂದು ಅರ್ಥ. ನೀವೇ ನೋಡಿ” ಎಂದೆವು. ಅವರು ಇಳಿದು ಬಂದರು. ದೋಸೆಯ ಕಾವಲಿಯನ್ನು ಪರೀಕ್ಷಿಸುವಂತೆ ಮೊದಲು ಕೈಬೆರಳಿನ ನೀರನ್ನು ಡ್ರಮ್ಮಿನ ಮೇಲೆ ಚಿಮುಕಿಸಿದರು. ಹನಿ ಹಾಗೆಯೇ ನಿಂತಿತು. ಬಳಿಕ ಅಂಗೈಯನ್ನೇ ಇಟ್ಟರು. ಉಗುರುಬೆಚ್ಚಗೂ ಇರಲಿಲ್ಲ. ಮೂರು ವರ್ಷಗಳಲ್ಲಿ ಅವರು ಆ ಗಾಡಿಯನ್ನು ಮುಟ್ಟಿದ್ದು ಅದೇ ಮೊದಲು. ಕೈಯನ್ನು ಕೂಡಲೇ ತೆಗೆಯಲಿಲ್ಲ. ಕಡೆಗೆ, “ಕತ್ತಲಾಗುವ ಮೊದಲು ಮನೆಗೆ ಬರಬೇಕು” ಎಂದು ಮಗಳಿಗೆ ಹೇಳಿ ಒಳಗೆ ಹೋದರು. ಒಪ್ಪಿಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ನಾವು ನಿರೀಕ್ಷಿಸಿರಲಿಲ್ಲ. ಗುಜರಿಯವನಿಗೆ ಆ ದಿನವೇ ಬೇಡವೆಂದು ಹೇಳಿಕಳುಹಿಸಿದೆವು.

ಹದಿನೈದು ವರ್ಷ ದಾಟಿದ ಸ್ವಂತದ ಗಾಡಿಯ ನೋಂದಣಿಯನ್ನು ಐದೈದು ವರ್ಷಗಳಿಗೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕೆಂಬುದು ಕಾನೂನು. ಅದನ್ನು ಪಾಲಿಸಲೇಬೇಕು. ಆದರೆ ಐದು ವರ್ಷಗಳಿಗೊಮ್ಮೆ ನಡೆಯುವ ತಪಾಸಣೆ, ದಿನವೂ ಇಳಿಜಾರಿನಲ್ಲಿ ಇಳಿಯುವವರನ್ನು ಕಾಯಲಾರದು. ನಮ್ಮ ಹುಡುಗಿ ಈಗ ತಿಂಗಳ ಮೊದಲನೆಯ ಭಾನುವಾರ ಮುಂಚಕ್ರವನ್ನೆತ್ತಿ ಒಮ್ಮೆ ತಿರುಗಿಸುತ್ತಾಳೆ, ತೋಳನ್ನು ಒತ್ತಿ ಬಿಟ್ಟು ನೋಡುತ್ತಾಳೆ. ಕಾಫಿ ಕುಡಿಯುವಷ್ಟು ಹೊತ್ತೂ ಬೇಡ. ವಾಚಕರ ಮನೆಗಳಲ್ಲಿಯೂ ಮಾಡಿನ ಮೂಲೆಯಲ್ಲಿ ಇಂಥದೊಂದು ಹಳೆಯ ಗಾಡಿ ಇರಬಹುದು. ಅದನ್ನು ಮಾರುವ ಮೊದಲು, ಅಥವಾ ಮಕ್ಕಳ ಕೈಗೆ ಕೊಡುವ ಮೊದಲು, ಅದರ ಮುಂಚಕ್ರವನ್ನು ಒಂದು ಸಲ ಕೈಯಿಂದ ತಿರುಗಿಸಿ ನೋಡಬೇಕಾಗಿ ವಿನಂತಿ. ಅದು ಎಷ್ಟು ಸುತ್ತಿಗೆ ನಿಲ್ಲುತ್ತದೆಯೆಂಬುದನ್ನು ಎಣಿಸಿಕೊಂಡರೆ, ಮುಂದೇನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.